ಸಮುದ್ರ ಕಾಣುವ ಕಿಟಕಿ ಮತ್ತು ಹೋಳೂರಿನ ಹನ್ನೊಂದು ಮಂದಿ

ನನ್ನ ಕೆಲಸವನ್ನು ಎಲ್ಲಿ ಕುಳಿತು ಬೇಕಾದರೂ ಮಾಡಬಹುದು. ಇದು ನನ್ನ ಮಾತಲ್ಲ, ಕಂಪನಿಯವರು ಕೊಟ್ಟ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿದೆ. ಆ ವಾಕ್ಯವನ್ನು ಎರಡು ವರ್ಷ ಗಮನಿಸದೆ, ಶ್ರೀನಿವಾಸಪುರದ ನಮ್ಮ ಮನೆಯ ಊಟದ ಮೇಜಿನ ಮೇಲೆ, ಒಂದು ಕಡೆ ಉಪ್ಪಿನಕಾಯಿ ಜಾಡಿ, ಇನ್ನೊಂದು ಕಡೆ ಇಸ್ತ್ರಿಗೆ ಕಾದ ಬಟ್ಟೆಗಳ ನಡುವೆ ಲ್ಯಾಪ್‌ಟಾಪ್ ಇಟ್ಟುಕೊಂಡು ದುಡಿದೆ. ಕಳೆದ ವರ್ಷ ಒಂದು ಬೆಳಗ್ಗೆ ನನಗೆ ಜ್ಞಾನೋದಯವಾಯಿತು. ಎಲ್ಲಿ ಬೇಕಾದರೂ ಅಂದ ಮೇಲೆ ಸಮುದ್ರದ ದಡದಲ್ಲಿ ಯಾಕಾಗಬಾರದು?

ಕೆಲಸ ಏನೆಂದು ಹೇಳಿಬಿಡುತ್ತೇನೆ. ತೆಲುಗು ಧಾರಾವಾಹಿಗಳು ಓಡುವಾಗ ಪರದೆಯ ಕೆಳಗೆ ಕನ್ನಡದ ಸಾಲುಗಳು ಬರುತ್ತವಲ್ಲ, ಅವನ್ನು ಮೊದಲು ಯಂತ್ರ ಬರೆಯುತ್ತದೆ. ಯಂತ್ರ ಬರೆದದ್ದನ್ನು ನಾನು ತಿದ್ದುತ್ತೇನೆ. ಆಂಧ್ರದ ಗಡಿಗೆ ತಾಗಿದ ನಮ್ಮ ಕಡೆ ಮನೆಯಲ್ಲಿ ಕನ್ನಡ, ಮಾವಿನ ಮಂಡಿಯಲ್ಲಿ ತೆಲುಗು, ಜಗಳಕ್ಕೆ ಎರಡೂ. ಹಾಗಾಗಿ ಈ ಹುದ್ದೆಗೆ ನಾನು ಹುಟ್ಟಿನಿಂದಲೇ ತರಬೇತಿ ಪಡೆದವಳು. 'ನಾ ಕೂತುರು ವಚ್ಚಿಂದಿ' ಎಂದು ಧಾರಾವಾಹಿಯ ತಾಯಿ ಅತ್ತರೆ, ಯಂತ್ರ 'ನನ್ನವರು ಕೂತರು, ಬಂತು' ಎಂದು ಬರೆಯುತ್ತದೆ. ನಾನು ಅದನ್ನು 'ನನ್ನ ಮಗಳು ಬಂದಳು' ಎಂದು ತಿದ್ದಿ ಆ ಸಂಸಾರ ಉಳಿಸುತ್ತೇನೆ.

ನಮ್ಮೆಜಮಾನರು ಮುಳಬಾಗಿಲಿನ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರು. ಯಾವ ವಿಷಯವನ್ನೂ ನಿಂತಲ್ಲೇ ನಿಲ್ಲಿಸುವುದು ಅವರ ವೃತ್ತಿ.

"ಎಲ್ಲಿಂದ ಬೇಕಾದ್ರೂ ಮಾಡ್ಬೋದು ಅಂದ್ರೆ ಇಲ್ಲಿಂದ್ಲೂ ಮಾಡ್ಬೋದು ಅಂತ ಕಣೇ," ಎಂದರು.

"ಮೂರು ತಿಂಗಳು ಅಷ್ಟೇ ರೀ. ಮಗಳು ಹಾಸ್ಟೆಲಲ್ಲಿದಾಳೆ. ನಿಮಗೆ ಅನ್ನ ಮಾಡ್ಕೊಳ್ಳಕ್ಕೆ ಬರುತ್ತೆ."

"ಸಾರು ಬರಲ್ಲ."

"ಮೂರು ತಿಂಗಳಲ್ಲಿ ಬರುತ್ತೆ."

ಅಂತರ್ಜಾಲದಲ್ಲಿ ಹುಡುಕಿ ಮುಂಬೈಯಲ್ಲಿ ಒಂದು ಕೋಣೆ ಹಿಡಿದೆ. 'ಕಿಟಕಿಯಿಂದ ಸಮುದ್ರ ಕಾಣುವ ಸುಸಜ್ಜಿತ ವಾಸಸ್ಥಾನ' ಎಂದಿತ್ತು. ಮುಂಗಡ ಬಾಡಿಗೆ ಕೇಳಿ ಮೇಷ್ಟ್ರು ಕುರ್ಚಿಯಲ್ಲಿ ಕುಳಿತರು; ನಿಂತವರು ಕುಳಿತದ್ದು ಅಪರೂಪ. ಆದರೆ ನನಗೆ ಇನ್ನೊಂದು ಲೆಕ್ಕಾಚಾರವಿತ್ತು. ನಮ್ಮ ತಂಡಕ್ಕೆ ಮುಖ್ಯಸ್ಥೆಯೊಬ್ಬಳನ್ನು ಆರಿಸುವವರಿದ್ದರು. ಮುಂದಿನ ತಿಂಗಳ ವಿಡಿಯೊ ಮೀಟಿಂಗಿನಲ್ಲಿ ನನ್ನ ಅತ್ಯುತ್ತಮ ಅನುವಾದವನ್ನು ಹೈದರಾಬಾದಿನ ಮೇಡಮ್ಮಿಗೆ ಓದಿ ತೋರಿಸಬೇಕಿತ್ತು. ಹಿಂದೆ ಉಪ್ಪಿನಕಾಯಿ ಜಾಡಿ ಕಾಣುವ ಹೆಂಗಸನ್ನು ಯಾರು ಮುಖ್ಯಸ್ಥೆ ಮಾಡುತ್ತಾರೆ? ಹಿಂದೆ ಅಲೆಗಳು ಕಾಣಬೇಕು.

ಹೊರಡುವ ಮುನ್ನ ನೆಂಟರಿಗೆಲ್ಲ ಫೋನ್ ಮಾಡಿ ತಿಳಿಸಿದೆ. ಮೇಷ್ಟ್ರ ಅಕ್ಕ ರುಕ್ಕಮ್ಮ ನಮ್ಮೂರಿನ ಹತ್ತಿರದ ಹೋಳೂರಿನಲ್ಲಿದ್ದಾರೆ, ಅವರಿಗೂ ಹೇಳಿದೆ.

"ಕಿಟಕಿ ತೆಗೆದ್ರೆ ಸಮುದ್ರ ಅಕ್ಕ. ಕೈ ಚಾಚಿದ್ರೆ ನೀರು ಸಿಗುತ್ತೆ."

"ಅಷ್ಟು ಹತ್ರನಾ? ತೇವಕ್ಕೆ ಗೋಡೆ ಕೆಡಲ್ವೇನೇ?" ಎಂದು ರುಕ್ಕಮ್ಮ ಕೇಳಿದರು. ಆ ಮನೆಯ ಬಗ್ಗೆ ಯಾರಾದರೂ ಕೇಳಿದ ಬುದ್ಧಿವಂತ ಪ್ರಶ್ನೆ ಅದೊಂದೇ.

ಕೋಣೆ ಐದನೆಯ ಮಹಡಿಯಲ್ಲಿತ್ತು. ಮಂಚ ಬಿಚ್ಚಿದರೆ ಬಾಗಿಲು ತೆಗೆಯಲಾಗದು, ಬಾಗಿಲು ತೆಗೆದರೆ ಮಂಚ ಬಿಚ್ಚಲಾಗದು. ಸ್ಟೂಲು ಹತ್ತಿ, ಕತ್ತನ್ನು ಎಡಕ್ಕೆ ಬಗ್ಗಿಸಿ ನೋಡಿದರೆ, ಎದುರಿನ ಎರಡು ಕಟ್ಟಡಗಳ ಸಂದಿನಲ್ಲಿ ಸೀರೆಯ ಅಂಚಿನಷ್ಟು ನೀಲಿ ಕಾಣಿಸಿತು. ಅದನ್ನೇ ಕಣ್ತುಂಬ ನೋಡಿದೆ. ಮೂರು ದಿನ ಬೆಳಗ್ಗೆ ಎದ್ದು ಭಕ್ತಿಯಿಂದ ನೋಡಿದೆ. ಮೂರನೆಯ ದಿನ ಎದುರು ಮನೆಯ ಹೆಂಗಸೊಬ್ಬಳು ಬಾಲ್ಕನಿಗೆ ಬಂದು ಆ ಸಮುದ್ರವನ್ನು ಮಡಚಿ ಒಳಗೆ ತೆಗೆದುಕೊಂಡು ಹೋದಳು.

ಬೆಡ್‌ಶೀಟಿನ ಹಿಂದೆ ನಿಜವಾದ ಸಮುದ್ರ ಇತ್ತೆನ್ನಿ. ಅದು ಬೂದು ಬಣ್ಣದ್ದು. ಅಗಲ ಎರಡು ಬೆರಳು.

ಉಳಿದದ್ದೂ ಹಾಗೆಯೇ. ನಮ್ಮ ಕೋಲಾರದಿಂದಲೇ ಲಾರಿ ಹತ್ತಿ ಬಂದಿದ್ದ ಟೊಮೆಟೊ, ಈ ಊರಿಗೆ ಬಂದ ಮೇಲೆ ನನ್ನನ್ನು ಗುರುತೇ ಹಿಡಿಯದಂತೆ ದೊಡ್ಡಸ್ತಿಕೆ ತೋರಿಸಿತು. ಬುಟ್ಟಿಗಟ್ಟಲೆ ಕಂಡವಳು ಎರಡೆರಡು ಆರಿಸಿ ತಂದೆ. ಇಂಟರ್ನೆಟ್ ಇಡೀ ಕೋಣೆಯಲ್ಲಿ ಚೆನ್ನಾಗಿ ಸಿಗುತ್ತಿದ್ದದ್ದು ಬಚ್ಚಲುಮನೆಯ ಹೊಸ್ತಿಲಲ್ಲಿ ಮಾತ್ರ. ಬೆಳಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಅಲ್ಲೇ ಮಣೆ ಹಾಕಿ ಕುಳಿತು ತೆಲುಗು ಸೊಸೆಯಂದಿರ ಕಣ್ಣೀರನ್ನು ಕನ್ನಡಕ್ಕೆ ತಿರುಗಿಸುತ್ತಿದ್ದೆ. ಸಮುದ್ರ ತೀರಕ್ಕೆ ಒಂದು ಬಸ್ಸು, ಒಂದು ರೈಲು ಹಿಡಿಯಬೇಕಿತ್ತು. ಭಾನುವಾರ ಹೋಗೋಣವೆಂದರೆ ಬಟ್ಟೆ ಒಗೆಯುವುದಿತ್ತು. ಮೂರು ವಾರ ಕಳೆದರೂ ನನ್ನ ಕಾಲಿಗೆ ಉಪ್ಪುನೀರು ತಾಗಲಿಲ್ಲ.

ಊರಿನವರು ಬಿಡಬೇಕಲ್ಲ. ಸಮುದ್ರದ ಫೋಟೋ ಕಳಿಸು ಎಂದು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ದಿನವೂ ಒತ್ತಾಯ. ಕೊನೆಗೆ ಎಲ್ಲಿಂದಲೋ ಒಂದು ಸುಂದರ ಚಿತ್ರ ಇಳಿಸಿಕೊಂಡು, 'ನಮ್ಮ ಕಿಟಕಿಯಿಂದ ಈ ಬೆಳಗು' ಎಂದು ಬರೆದು ಹಾಕಿದೆ. ಎಲ್ಲರೂ ಕೈ ಮುಗಿದರು, ಹೂವು ಕಳಿಸಿದರು. ಮೇಷ್ಟ್ರು ಮಾತ್ರ ಫೋನ್ ಮಾಡಿದರು.

"ಮುಂಬೈಲಿ ಹಿಮದ ಬೆಟ್ಟ ಯಾವಾಗ ಬಂತೇ?"

ಮತ್ತೆ ನೋಡಿದೆ. ಚಿತ್ರದ ಹಿಂಬದಿಯಲ್ಲಿ ಬೆಳ್ಳಗೆ ಐದಾರು ಶಿಖರಗಳಿದ್ದವು. "ಅದು ಮೋಡ ರೀ," ಎಂದೆ.

"ಮೋಡದ ಮೇಲೆ ಯಾರೋ ಹತ್ತಿ ನಿಂತವ್ರೆ," ಎಂದರು ಮೇಷ್ಟ್ರು.

ಅವರು ನಂಬಲಿಲ್ಲ. ಆದರೆ ರುಕ್ಕಮ್ಮ ಪೂರ್ತಿ ನಂಬಿದರು. ನನ್ನ ಕಷ್ಟ ಶುರುವಾದದ್ದು ಅಲ್ಲಿಂದ.

ಮೀಟಿಂಗಿನ ದಿನ ಬೆಳಗ್ಗೆ ರೇಷ್ಮೆ ಸೀರೆ ಉಟ್ಟು, ಕಿಟಕಿಗೆ ಬೆನ್ನು ಮಾಡಿ ಕುಳಿತರೆ ಹಿಂದೆ ಏನು ಕಾಣುತ್ತದೆಂದು ಪರೀಕ್ಷಿಸುತ್ತಿದ್ದೆ. ಎದುರು ಮನೆಯ ಬೆಡ್‌ಶೀಟು ಕಾಣುತ್ತಿತ್ತು. ಆಗ ಫೋನ್ ಬಂತು.

"ಪದ್ಮಾ, ನಿಮ್ಮ ಬಿಲ್ಡಿಂಗ್ ಕೆಳಗಿದೀವಿ ಕಣೇ," ರುಕ್ಕಮ್ಮನ ದನಿ. "ಶಿರಡಿಗೆ ಬಂದಿದ್ವಿ. ಇಷ್ಟು ದೂರ ಬಂದು ನಿನ್ನ ಮನೆ ಸಮುದ್ರ ನೋಡ್ದೆ ಹೋದ್ರೆ ನೀನು ಬೇಜಾರು ಮಾಡ್ಕೊಂತೀಯ ಅಂತ ನಿನ್ನ ಗಂಡ ಅಡ್ರೆಸ್ ಕೊಟ್ಟ."

"ಎಷ್ಟು ಜನ ಅಕ್ಕ?"

"ನಾವೇ ಕಣೇ, ಇನ್ಯಾರು?"

'ನಾವೇ' ಅಂದರೆ ಹನ್ನೊಂದು ಜನ. ಹೋಳೂರಿನಿಂದ ಟೆಂಪೋ ಮಾಡಿಕೊಂಡು ಹೊರಟ ಹೆಂಗಸರ ತಂಡ. ಲಿಫ್ಟು ಮೂರು ಸಲ ಮೇಲೆ ಕೆಳಗೆ ಓಡಾಡಿ ಅವರನ್ನೆಲ್ಲ ನನ್ನ ಕೋಣೆಗೆ ತಂದು ಸುರಿಯಿತು. ಮಂಚದ ಮೇಲೆ ಐವರು, ಮಂಚದ ಕೆಳಗೆ ಕಾಲು ಚಾಚಿ ಮೂವರು, ಉಳಿದವರು ನಿಂತರು. ಯಾರಾದರೂ ಕೆಮ್ಮಿದರೆ ಎಲ್ಲರೂ ಅಲುಗುತ್ತಿದ್ದರು.

"ಎಲ್ಲೇ ಸಮುದ್ರ?"

ಸ್ಟೂಲು ತೋರಿಸಿದೆ. ದೇವಸ್ಥಾನದಿಂದ ನೇರ ಬಂದವರಾದ್ದರಿಂದ ಸಾಲು ತಾನಾಗಿಯೇ ಏರ್ಪಟ್ಟಿತು. ಒಬ್ಬೊಬ್ಬರೇ ಹತ್ತಿ, ಕತ್ತು ಬಗ್ಗಿಸಿ, ನೋಡಿ ಇಳಿದರು. ಎಲ್ಲರಿಗಿಂತ ಹಿರಿಯರಾದ ಮುನಿಯಮ್ಮ ಇಬ್ಬರ ಹೆಗಲು ಹಿಡಿದು ಹತ್ತಿದರು. ಬಹಳ ಹೊತ್ತು ನೋಡಿದರು.

"ಇಷ್ಟೇನಾ? ನಮ್ಮ ಎಮ್ಮೆ ಇದ್ರಲ್ಲಿ ಇಳಿಯಕ್ಕೂ ಆಗಲ್ಲ," ಎಂದರು.

ಮೀಟಿಂಗಿಗೆ ಐದು ನಿಮಿಷವಿತ್ತು. ಎಲ್ಲರಿಗೂ ಕೈ ಮುಗಿದು, ಅರ್ಧ ಗಂಟೆ ಉಸಿರೆತ್ತಬೇಡಿ ಎಂದು ಬೇಡಿಕೊಂಡು, ಲ್ಯಾಪ್‌ಟಾಪ್ ಸಮೇತ ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಂಡೆ. ಬಕೆಟ್ ಬೋರಲು ಹಾಕಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಪರದೆಯಲ್ಲಿ ಮೇಡಮ್ ಬಂದರು. ಅವರ ಹಿಂದೆಯೇ ಆರು ಜನ ಸಹೋದ್ಯೋಗಿಗಳೂ ಬಂದರು. ಕನ್ನಡ ಚೆನ್ನಾಗಿ ಅರ್ಥವಾದರೂ ಮೇಡಮ್ ನನ್ನೊಡನೆ ಮಾತಾಡುವುದು ತೆಲುಗಿನಲ್ಲಿ. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಪದ್ಮ, ನಿಮ್ಮ ದನಿ ಗುಹೆಯಿಂದ ಬಂದ ಹಾಗೆ ಕೇಳ್ತಿದೆ. ಎಲ್ಲಿದೀರಿ?"

"ಸಮುದ್ರದ ಗಾಳಿ ಮೇಡಮ್," ಎಂದೆ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. "ಪದ್ಮಾ, ಮುನಿಯಮ್ಮನಿಗೆ ಅರ್ಜೆಂಟು ಕಣೇ. ಬೆಳಗಿನ ಜಾವದಿಂದ ಗಾಡೀಲಿ ತಡ್ಕೊಂಡವ್ಳೆ." ಈ ಮಾತು ಮೇಡಮ್ಮಿಗೂ, ಆರು ಜನ ಸಹೋದ್ಯೋಗಿಗಳಿಗೂ ಸ್ಪಷ್ಟವಾಗಿ ಕೇಳಿಸಿತು.

ಬಾಗಿಲು ತೆಗೆಯಲೇಬೇಕಾಯಿತು. ಮುನಿಯಮ್ಮ ಒಳಗೆ, ನಾನು ಹೊರಗೆ. ಅವರು ಬಂದರೆ ಇನ್ನೊಬ್ಬರು ಹೊರಟರು. ಮತ್ತೆ ಸಾಲು ಏರ್ಪಟ್ಟಿತ್ತು. ಬೇರೆ ದಾರಿಯಿಲ್ಲದೆ ಹೊಸ್ತಿಲಲ್ಲೇ ಮಣೆ ಹಾಕಿ, ಕ್ಯಾಮೆರಾದಲ್ಲಿ ನನ್ನ ಹಿಂದೆ ಹತ್ತು ತಲೆಗಳನ್ನು ಇಟ್ಟುಕೊಂಡು, ನನ್ನ ಅತ್ಯುತ್ತಮ ಅನುವಾದ ಓದತೊಡಗಿದೆ.

ಮೇಡಮ್ ತೆಲುಗಿನ ದೃಶ್ಯ ಹಾಕಿದ್ದರು, ಗಂಡ ಹೆಂಡತಿ ಜಗಳದ್ದು. ಊರು ಬಿಟ್ಟು ತವರಿಗೆ ಹೋಗುತ್ತೇನೆ ಎಂದು ಹೆಂಡತಿ ಹೆದರಿಸುತ್ತಾಳೆ. ಗಂಡ 'ನೀ ಮೊಹಂ' ಎನ್ನುತ್ತಾನೆ. ಯಂತ್ರ ಅದನ್ನು 'ನಿನ್ನ ಮುಖ' ಎಂದು ಬರೆದಿತ್ತು. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಮಹಾನಗರದಲ್ಲಿ ನೆಲೆಸಿದ ನಾನು ಭಾಷೆಯನ್ನೂ ಸ್ವಲ್ಪ ಮೇಲಕ್ಕೆತ್ತಿದ್ದೆ. ಗಂಭೀರವಾಗಿ ಓದಿದೆ: "ಆಹಾ, ನಿನ್ನ ಮುಖಾರವಿಂದ."

ಹಿಂದಿನಿಂದ ರುಕ್ಕಮ್ಮನ ದನಿ ಬಂತು. "ಏನಂದೆ?"

"ಅಕ್ಕ, ಸುಮ್ನಿರಿ."

"ಅಲ್ಲ ಕಣೇ, ಆ ಗಂಡ ಬೈತಾವ್ನೆ. 'ನೀ ಮೊಹಂ' ಅಂದ್ರೆ ನಮ್ಮಲ್ಲಿ 'ನಿನ್ ತಲೆ' ಅಂತೀವಲ್ಲ, ಅದು. ನಿನ್ನ ಗಂಡ ನಿನಗೆ ದಿನಾ ಅಂತಾನಲ್ಲ, ಗೊತ್ತಾಗಲ್ವಾ?"

ಮೇಡಮ್ ಕನ್ನಡಕ ತೆಗೆದು ಒರೆಸಿಕೊಂಡರು. "ಆ ಅಮ್ಮನವರು ಯಾರು? ಮುಂದಕ್ಕೆ ಕರೀರಿ."

ರುಕ್ಕಮ್ಮ ನನ್ನ ಹೆಗಲ ಮೇಲಿಂದ ಪರದೆಯೊಳಗೆ ಬಂದು ತೆಲುಗಿನಲ್ಲಿ ನಮಸ್ಕಾರ ಹೇಳಿದರು. ಮೇಡಮ್ ಇನ್ನೊಂದು ದೃಶ್ಯ ಹಾಕಿದರು. ರುಕ್ಕಮ್ಮ ನೋಡಿ, ಆ ಅತ್ತೆ ಹಾಗಲ್ಲ, ಹೀಗೆ ಹೇಳುತ್ತಾಳೆ ಎಂದು ಅಭಿನಯಿಸಿ ತೋರಿಸಿದರು. ಮಂಚದ ಮೇಲಿನವರು ಅದಕ್ಕಿಂತ ಖಾರದ ಮಾತೊಂದನ್ನು ಸೂಚಿಸಿದರು. ಬಚ್ಚಲಿನಿಂದ ಹೊರಬಂದವರೊಬ್ಬರು ಸೆರಗಿಗೆ ಕೈ ಒರೆಸುತ್ತಾ ತಿದ್ದುಪಡಿ ತಂದರು. ನನ್ನ ಇಪ್ಪತ್ತು ಸಾಲುಗಳಲ್ಲಿ ಹದಿನಾಲ್ಕನ್ನು ಹೋಳೂರಿನ ಮಹಿಳೆಯರು ಅರ್ಧ ಗಂಟೆಯಲ್ಲಿ ಸರ್ವಾನುಮತದಿಂದ ತಿರಸ್ಕರಿಸಿದರು. ಸಹೋದ್ಯೋಗಿಗಳಲ್ಲಿ ಇಬ್ಬರು ನಕ್ಕು ನಕ್ಕು ಪರದೆಯಿಂದಲೇ ಮಾಯವಾದರು.

ಮೀಟಿಂಗು ಮುಗಿಯಿತು. ಹುದ್ದೆ ಹೋಯಿತೆಂದು ನನಗೆ ಖಾತ್ರಿಯಾಯಿತು. ಎಲ್ಲರೂ ಖುಷಿಯಲ್ಲಿದ್ದರು, ನಾನು ಮಣೆಯ ಮೇಲೆ ರೇಷ್ಮೆ ಸೀರೆಯಲ್ಲಿ ಕುಳಿತು ಮೂಗು ಒರೆಸಿಕೊಂಡೆ. ರುಕ್ಕಮ್ಮ ಪಕ್ಕಕ್ಕೆ ಬಂದು ಕುಳಿತರು.

"ಬೇಜಾರಾಯ್ತೇನೇ?"

"ಇಲ್ಲ ಅಕ್ಕ."

"ಒಂದು ಮಾತು ಕೇಳ್ತೀನಿ. ಇಲ್ಲಿಗೆ ಬಂದ್ಮೇಲೆ ಒಂದಿನ ಆದ್ರೂ ಸಮುದ್ರಕ್ಕೆ ಕಾಲಿಟ್ಟಿದೀಯಾ?"

ಸುಳ್ಳು ಹೇಳಲು ಬಾಯಿ ತೆಗೆದೆ. ಹನ್ನೊಂದು ಜನ ನೋಡುತ್ತಿದ್ದರು. "ಇಲ್ಲ," ಎಂದೆ.

ರುಕ್ಕಮ್ಮ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರು. "ನಡಿ," ಎಂದರು.

ಹೀಗೆ, ಮುಂಬೈ ನಿವಾಸಿಯಾದ ನನಗೆ ಹೋಳೂರಿನವರು ಮುಂಬೈಯ ಸಮುದ್ರ ತೋರಿಸಿದರು. ಟೆಂಪೋದಲ್ಲಿ ಕರೆದೊಯ್ದರು, ದಾರಿಯನ್ನೂ ಅವರೇ ಕೇಳಿಕೊಂಡರು. ನೀರಿನ ಹತ್ತಿರ ಹೋಗುತ್ತಿದ್ದಂತೆ ಹೆದರಿಕೆಯಾಗಿ ರುಕ್ಕಮ್ಮನ ಕೈ ಹಿಡಿದುಕೊಂಡೆ. ಮುನಿಯಮ್ಮ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ಮುಂದೆ ಹೋಗಿ, ಅಲೆ ಬಡಿದಾಗಲೆಲ್ಲ ಅದಕ್ಕೆ ಬೈಯುತ್ತಾ ನಿಂತಿದ್ದರು. ಮೂರು ವಾರದಲ್ಲಿ ಅಷ್ಟು ನಕ್ಕಿರಲಿಲ್ಲ. ಸೀರೆ ಹಾಳಾಯಿತು.

ಎರಡು ದಿನದ ಮೇಲೆ ಮೇಡಮ್ ಫೋನ್ ಮಾಡಿದರು. ಕೆಲಸದಿಂದ ತೆಗೆಯುತ್ತಾರೆಂದುಕೊಂಡು ನಿಂತೇ ಕೇಳಿದೆ.

"ಪದ್ಮ, ಮುಖ್ಯಸ್ಥೆ ನೀವೇ. ಆದರೆ ಒಂದು ಷರತ್ತು. ನೀವು ತಿದ್ದಿದ್ದನ್ನೆಲ್ಲ ಆ ಅಮ್ಮ ಒಂದು ಸಲ ಕೇಳಿ ಒಪ್ಪಬೇಕು. ಅವರಿಗೂ ಸಂಬಳ ಕೊಡ್ತೀವಿ. ನೀವು ಮುಂಬೈಲಿ ಯಾಕಿದೀರಿ ಅಂತ ನನಗೆ ಅರ್ಥವಾಗಲಿಲ್ಲ."

ನನಗೂ ಅರ್ಥವಾಗಿರಲಿಲ್ಲ. ತಿಂಗಳು ತುಂಬಿದ ಮೇಲೆ ಮನೆ ಖಾಲಿ ಮಾಡಿ ರೈಲು ಹತ್ತಿದೆ. ನನ್ನನ್ನು ಕರೆದುಕೊಂಡು ಹೋಗಲು ಮಾಲೂರು ಸ್ಟೇಷನ್ನಿಗೆ ಬಂದಿದ್ದ ಮೇಷ್ಟ್ರು ಮೂಟೆ ಎತ್ತಿಕೊಂಡು, "ಸಾರು ಕಲ್ತಿದೀನಿ," ಎಂದರು. ನಿಜಕ್ಕೂ ನನ್ನದಕ್ಕಿಂತ ಚೆನ್ನಾಗಿತ್ತು.

ಈಗ ಬೆಳಗ್ಗೆ ಶ್ರೀನಿವಾಸಪುರದಲ್ಲಿ ಕೋಲಾರದ ಬಸ್ಸು ಹತ್ತಿ ಹೋಳೂರಿನಲ್ಲಿ ಇಳಿಯುತ್ತೇನೆ. ರುಕ್ಕಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೇಳುತ್ತಾರೆ, ನಾನು ಓದುತ್ತೇನೆ. "ಊಹೂಂ" ಅಂದರೆ ಅಳಿಸುತ್ತೇನೆ. "ಸರಿ ಬಿಡು" ಅಂದರೆ ಕಳಿಸುತ್ತೇನೆ. ನಾನು ತಂಡದ ಮುಖ್ಯಸ್ಥೆ.

ಮೊನ್ನೆ ಮೀಟಿಂಗಿತ್ತು. ಜಗಲಿಯಲ್ಲೇ ಇಬ್ಬರೂ ಒತ್ತಿ ಕುಳಿತೆವು. ಮೇಡಮ್ "ರುಕ್ಕಮ್ಮಗಾರೂ, ಬಾಗುನ್ನಾರಾ?" ಎಂದು ಕ್ಷೇಮ ಕೇಳಿ ಶುರು ಮಾಡಿ ಅವರೊಡನೆ ಇಪ್ಪತ್ತು ನಿಮಿಷ ಮಾತಾಡಿದರು. ಮೊಮ್ಮಗುವಿನ ನಾಮಕರಣ, ಮಂಡಿನೋವು, ಮುಂದಿನ ಧಾರಾವಾಹಿ, ಎಲ್ಲವೂ ಬಂತು. ಕೊನೆಗೆ ಪರದೆಯ ಹತ್ತಿರ ಬಗ್ಗಿ ಕೇಳಿದರು.

"ಪದ್ಮ, ನೀವೂ ಅಲ್ಲೇ ಇದೀರಾ?"

"ಇದೀನಿ ಮೇಡಮ್," ಎಂದು ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕುಳಿತೆ.

"ಸ್ವಲ್ಪ ಪಕ್ಕಕ್ಕೆ ಸರೀರಿ," ಎಂದರು. "ಅಮ್ಮ ಸರಿಯಾಗಿ ಕಾಣಿಸ್ತಿಲ್ಲ."