ಎಡಭುಜ ಒಂದೂವರೆ ಇಂಚು ಇಳಿತ

ಎಲ್ಲಾ ಶುರುವಾದದ್ದು ಒಂದು ಹೊಸ ಅಂಗಿಯಿಂದ. ಸಂಜೆ ಅತ್ತೆ ಬರುವವರಿದ್ದರು. ಗುಮಾಸ್ತನ ತಂದೆಯ ಅಕ್ಕ, ಎಂಬತ್ತೈದು ದಾಟಿದವರು, ಇವನ ಮದುವೆಯಾದ ಮೇಲೆ ಇತ್ತ ತಲೆ ಹಾಕದವರು. ಅವರ ಮುಂದೆ ಗಂಡ ನೆಟ್ಟಗೆ ಕಾಣಲಿ ಎಂದು ಹೆಂಡತಿ ರೆಡಿಮೇಡ್ ಅಂಗಿ ತಂದಿದ್ದಳು. ತೊಟ್ಟು ನೋಡಿದರೆ ಬಲಗಡೆ ಅಂಗಡಿಯಲ್ಲಿದ್ದ ಹಾಗೇ ಇತ್ತು, ಎಡಗಡೆ ಜಾರಿ ಮೊಣಕೈಯತ್ತ ಹೊರಟಿತ್ತು, ಹೊಟ್ಟೆಯ ಮೇಲಿನ ಗುಂಡಿ ಸಿಡಿದು ಮಂಚದ ಕೆಳಗೆ ಸೇರಿತ್ತು. ಅಂಗಿಯದೇನೂ ತಪ್ಪಿಲ್ಲ ಎಂದಳು ಹೆಂಡತಿ.

ತಪ್ಪು ಯಾರದು ಎಂಬುದು ಆ ಮನೆಯ ಹಳೇ ಪ್ರಶ್ನೆ. ಅಪ್ಪ, ಅಣ್ಣಂದಿರು ಎಲ್ಲರೂ ಉದ್ದ, ಎಲ್ಲರೂ ನೆಟ್ಟಗೆ. ಮಗು ಹುಟ್ಟಿದ ಕೂಡಲೇ ಮೂಗು ಅಪ್ಪನದು, ಕಿವಿ ಅಜ್ಜಿಯದು ಎಂದು ಹಂಚಿಬಿಡುವುದು ಅವರ ಪದ್ಧತಿ. ಇವನ ಯಾವ ಭಾಗವನ್ನೂ ಯಾರೂ ತಮ್ಮದೆಂದು ಒಪ್ಪಿಕೊಂಡಿರಲಿಲ್ಲ. ಗಿಡ್ಡ, ದುಂಡಗೆ, ಒಂದು ಭುಜ ಇಳಿದವನು. ಆಸ್ಪತ್ರೆಯಲ್ಲಿ ಅದಲುಬದಲಾಗಿ ಬಂದವನು ಎಂದು ಅಣ್ಣಂದಿರು ಛೇಡಿಸಿದ್ದು ಐವತ್ತು ತುಂಬಿದರೂ ಅವನನ್ನು ಚುಚ್ಚುತ್ತಿತ್ತು. ಉಳಿದಿದ್ದ ಒಂದೇ ಆಸೆ ಎಂದರೆ ತಾತ. ರೈಲ್ವೆಯಲ್ಲಿ ಸಿಗ್ನಲ್ ಕೆಲಸದಲ್ಲಿದ್ದವರು, ಅಪ್ಪ ಎರಡು ವರ್ಷದವನಿದ್ದಾಗಲೇ ತೀರಿಕೊಂಡವರು. ಅವರದೊಂದು ಫೋಟೋ ಕೂಡ ಇರಲಿಲ್ಲ. ತಾನು ತಾತನ ಹಾಗಿದ್ದೇನೆ ಎಂದು ಗುಮಾಸ್ತ ಒಳಗೊಳಗೇ ನಂಬಿಕೊಂಡಿದ್ದ. ತಾತನನ್ನು ನೋಡಿದವರಲ್ಲಿ ಉಳಿದಿದ್ದವರು ಅತ್ತೆಯೊಬ್ಬರೇ, ಆದರೆ ಇಲ್ಲ ಎಂದುಬಿಟ್ಟರೆ ಗತಿಯೇನು ಎಂದು ಅವರನ್ನು ಕೇಳುವ ಧೈರ್ಯ ಮಾಡಿರಲಿಲ್ಲ.

ಬೀದಿ ತುದಿಯ ಟೈಲರ್ ಆ ಕಸುಬಿನಲ್ಲಿ ಮೂರನೇ ತಲೆಮಾರು. ಅಂಗಿ ಸರಿಮಾಡಿಸಲು ಬಂದ ಗುಮಾಸ್ತನ ಭುಜವನ್ನು ಟೇಪು ಹಿಡಿದು ಅಳೆದವನು ಮತ್ತೊಮ್ಮೆ ಅಳೆದ. ಆಮೇಲೆ ಸೀಮೆಸುಣ್ಣ ಕಿವಿಗೆ ಸಿಕ್ಕಿಸಿಕೊಂಡು ಯೋಚನೆಗೆ ಬಿದ್ದ.

"ಸಾರ್, ಈ ಭುಜ ನಾನು ಎಲ್ಲೋ ಓದಿದೀನಿ."

ಅವನ ಅಜ್ಜನ ಕಾಲದ ಅಳತೆ ಪುಸ್ತಕಗಳು ಇಸ್ತ್ರಿ ಮೇಜಿನ ಮೋಟು ಕಾಲಿಗೆ ಒತ್ತಾಗಿ ಕೂತಿದ್ದವು. ಒಂದನ್ನು ಎಳೆದಾಗ ಮೇಜು ವಾಲಿತು, ಇಸ್ತ್ರಿಪೆಟ್ಟಿಗೆ ಜಾರಿತು, ಯಾರದೋ ಪ್ಯಾಂಟಿನ ಮೇಲೆ ಕಂದು ಬಣ್ಣದ ತ್ರಿಕೋನ ಮೂಡಿತು. ಇಬ್ಬರೂ ಅದನ್ನು ಗಮನಿಸಲಿಲ್ಲ. ಪುಟದ ಮೇಲೆ ತಾತನ ಹೆಸರಿತ್ತು, ಪಕ್ಕದಲ್ಲಿ ರೈಲ್ವೆ ಕ್ವಾರ್ಟರ್ಸ್ ಎಂದಿತ್ತು. ಕೆಳಗೆ ಏಳು ವರ್ಷಗಳಲ್ಲಿ ಐದು ಸಲ ತೆಗೆದ ಅಳತೆ. ತೋಳು ಗಿಡ್ಡ. ಹೊಟ್ಟೆ ಮೂವತ್ತರಿಂದ ಮೂವತ್ತೆಂಟಕ್ಕೆ ಏರಿತ್ತು. ಪ್ರತಿ ಸಲವೂ ಕೊನೆಯಲ್ಲಿ ಅದೇ ಷರಾ: ಎಡಭುಜ ಒಂದೂವರೆ ಇಂಚು ಇಳಿತ.

ಗುಮಾಸ್ತ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡ. ಹಗಲೂ ರಾತ್ರಿ ದುಡಿಯುವ ಗಂಡನಿಗೆ ಅಜ್ಜಿ ಅದೆಷ್ಟು ಅಕ್ಕರೆಯಿಂದ ಬಡಿಸಿದ್ದರೆ ಹೊಟ್ಟೆ ಹೀಗೆ ಬೆಳೆದಿರಬೇಕು ಎಂದುಕೊಂಡ. ಮಾಸಿದ ಪೆನ್ಸಿಲ್ ಅಂಕಿಗಳ ಮೇಲೆ ಬೆರಳಾಡಿಸಿದ. ಹುಟ್ಟಿದಾಗಿನಿಂದ ಹುಡುಕುತ್ತಿದ್ದ ಮನುಷ್ಯ ತನ್ನದೇ ಬೀದಿಯ ತುದಿಯಲ್ಲಿ ಮೇಜಿನ ಕಾಲಡಿಯಲ್ಲಿದ್ದರು.

ಅಂಗಿಯ ವಿಷಯ ಅಲ್ಲೇ ಮರೆತುಹೋಯಿತು. ಕಚೇರಿಗೆ ಫೋನ್ ಮಾಡಿ, ತಾತ ಸಿಕ್ಕಿದ್ದಾರೆ, ರಜೆ ಬೇಕು ಎಂದ. ತಾತ ತೀರಿಕೊಂಡರೆಂದು ರಜೆ ಕೇಳಿದವರನ್ನು ಹೆಡ್ ಕ್ಲರ್ಕ್ ಸಾಕಷ್ಟು ಕಂಡಿದ್ದರು. ಸಿಕ್ಕಿದ್ದಾರೆಂದು ಕೇಳಿದವನು ಇವನೇ ಮೊದಲಿಗ, ಹಾಗಾಗಿ ಕೊಟ್ಟುಬಿಟ್ಟರು.

ಎದುರುಮನೆಯಲ್ಲಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಮೂರು ವರ್ಷದಿಂದ ಕೆಲಸವಿಲ್ಲದೆ ಕೂತಿದ್ದರು. ಅಳತೆ ನೋಡಿದ್ದೇ ಕಾಗದ ಹಾಸಿದರು. ಅರ್ಧ ಗಂಟೆಯಲ್ಲಿ ಕಾಲಿನಿಂದ ಕತ್ತಿನ ತನಕ ತಾತ ಸಿದ್ಧವಾದರು. ಅಲ್ಲಿಗೆ ಅಳತೆ ಮುಗಿದಿತ್ತು.

"ಕಾಲರ್ ಹದಿನೈದೂವರೆ ಅಂತಿದೆ. ಅದರ ಮೇಲೆ ಏನಿತ್ತು ಅಂತ ಟೈಲರ್ ಬರೆಯೋದಿಲ್ಲವಲ್ಲ," ಎಂದರು ಮೇಷ್ಟ್ರು. "ಭುಜ ನಿಮ್ಮದೇ ಆದ ಮೇಲೆ ತಲೆ ಬೇರೆಯವರದು ಯಾಕಿರುತ್ತೆ? ಕೂತ್ಕೊಳ್ಳಿ."

ಗುಮಾಸ್ತ ಎರಡು ಗಂಟೆ ಅಲ್ಲಾಡದೆ ಕೂತ. ಅಷ್ಟರಲ್ಲಿ ಸುದ್ದಿ ಬೀದಿಯೆಲ್ಲ ಹಬ್ಬಿತ್ತು. ಕ್ಷೌರದಂಗಡಿಯವನು ಅರ್ಧ ನೊರೆ ಹಚ್ಚಿದ ಗಿರಾಕಿಯನ್ನು ಬಿಟ್ಟು ಬಂದು, ಆ ಕಾಲದ ರೈಲ್ವೆಯವರಿಗೆ ಮೀಸೆ ಇದ್ದೇ ಇತ್ತು ಎಂದು ಹಟ ಹಿಡಿದು ತುದಿ ತಿರುಚಿದ ಮೀಸೆ ಬರೆಸಿದ. ಮಹಡಿಮನೆಯಾಕೆ ಕೂದಲು ನಡುಬೈತಲೆ ಆಗಲಿ ಎಂದಳು. ಹೆಂಡತಿ ಕಿವಿಯನ್ನು ಸ್ವಲ್ಪ ಚಿಕ್ಕದು ಮಾಡಿಸಿದಳು, ತಾತನದಾದರೂ ಸರಿಯಾಗಿರಲಿ ಎಂದು. ಚಿತ್ರ ಮುಗಿದಾಗ ಎಲ್ಲರೂ ಒಮ್ಮೆ ಅದನ್ನು, ಒಮ್ಮೆ ಗುಮಾಸ್ತನನ್ನು ನೋಡಿ, ಎಂಥ ಹೋಲಿಕೆ ಎಂದು ಬೆರಗಾದರು. ಗುಮಾಸ್ತನೂ ಬೆರಗಾದ. ತನ್ನನ್ನೇ ನೋಡಿ ಬರೆದದ್ದೆಂಬುದು ಅವನಿಗೆ ಆ ಹೊತ್ತಿಗೆ ಮರೆತೇ ಹೋಗಿತ್ತು. ಅಣ್ಣಂದಿರಿಗೆ ಫೋನ್ ಮಾಡಿ, ಸಂಜೆ ತಪ್ಪದೆ ಬನ್ನಿ, ನಾನು ಯಾರ ಹಾಗಿದ್ದೇನೆಂದು ತೋರಿಸುತ್ತೇನೆ ಎಂದ.

ಸಂಜೆ ಅತ್ತೆ ಬಂದರು. ಅಣ್ಣಂದಿರು ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಬಂದರು. ಕರೆಯದಿದ್ದರೂ ಮೇಷ್ಟ್ರು, ಕ್ಷೌರದಂಗಡಿಯವನು, ಮಹಡಿಮನೆಯಾಕೆ ಗೋಡೆಗೊರಗಿ ನಿಂತರು. ಗುಮಾಸ್ತ ಚೌಕಟ್ಟು ಹಾಕಿಸಿದ ಚಿತ್ರವನ್ನು ಅತ್ತೆಯ ಮಡಿಲಲ್ಲಿಟ್ಟ. ಅತ್ತೆ ಕನ್ನಡಕ ಒರೆಸಿಕೊಂಡು ನೋಡಿದರು. ಅವರ ಕಣ್ಣು ತುಂಬಿತು. ಗಾಜಿನ ಮೇಲೆ ಆ ಇಳಿದ ಭುಜವನ್ನು ಸವರಿದರು. ಗುಮಾಸ್ತ ಅಣ್ಣಂದಿರತ್ತ ತಿರುಗಿ, ಐವತ್ತು ವರ್ಷ ಕೂಡಿಟ್ಟಿದ್ದ ಒಂದು ನೋಟ ಬೀರಿದ.

"ಗುರುತು ಸಿಕ್ತಾ ಅತ್ತೆ?"

"ಸಿಗದೆ ಏನೋ? ಇವನು ನಮ್ಮ ಮಾವ."

ಅತ್ತೆ ಅಳುತ್ತ ನಗುತ್ತ ಹೇಳುತ್ತಲೇ ಹೋದರು. ಅಜ್ಜಿಯ ತಮ್ಮನಂತೆ. ಎಂಟು ದಿನಕ್ಕೆಂದು ಬಂದವನು ಏಳು ವರ್ಷ ಉಂಡು ಮಲಗಿದನಂತೆ. ಒಂದು ದಿನ ಅಜ್ಜಿಯ ಬೆಳ್ಳಿ ಲೋಟ ಚೀಲಕ್ಕೆ ಹಾಕಿಕೊಂಡು ಹೇಳದೆ ಕೇಳದೆ ಹೋದನಂತೆ. ಅಂದಿನಿಂದ ಮನೆಯಲ್ಲಿ ಅವನ ಹೆಸರೆತ್ತುವ ಹಾಗಿರಲಿಲ್ಲವಂತೆ. ಆದರೆ ಅತ್ತೆಯನ್ನು ದಿನಾ ಶಾಲೆಗೆ ಹೊತ್ತುಕೊಂಡು ಹೋದದ್ದು ಇದೇ ಭುಜವಂತೆ, ಇಳಿದದ್ದರಿಂದ ಹತ್ತುವುದು ಸುಲಭವಿತ್ತಂತೆ.

"ಪುಸ್ತಕದಲ್ಲಿ ತಾತನ ಹೆಸರೇ ಇತ್ತಲ್ಲ," ಎಂದ ಗುಮಾಸ್ತ. ದನಿ ಸಣ್ಣಗಾಗಿತ್ತು.

"ಆಗ ಬಟ್ಟೆ ಯಾರೇ ಹೊಲಿಸಲಿ, ಟೈಲರ್ ಬರ್ಕೊಳ್ತಿದ್ದದ್ದು ಮನೆ ಯಜಮಾನನ ಹೆಸರು. ನಮ್ಮಪ್ಪ ಯಾಕೆ ಹೊಲಿಸ್ತಾರೆ? ರೈಲ್ವೆಯವರು ಯೂನಿಫಾರಂ ಕೊಡ್ತಿದ್ರು, ಅದೇ ಹಾಕ್ಕೊಂಡು ಮಲಗ್ತಿದ್ರು." ಅತ್ತೆ ಚಿತ್ರ ನೋಡಿದರು, ಗುಮಾಸ್ತನನ್ನು ನೋಡಿದರು. "ನಿನ್ನ ಮದುವೇಲಿ ಈ ಹೊಟ್ಟೆ ಇರಲಿಲ್ಲ. ಇದ್ದಿದ್ರೆ ಅವತ್ತೇ ಹೇಳ್ತಿದ್ದೆ."

ದೊಡ್ಡಣ್ಣ ನಗು ತಡೆಯಲಾರದೆ ಹಿತ್ತಲಿಗೆ ಹೋದ. ಕ್ಷೌರದಂಗಡಿಯವನು, ಮೀಸೆ ಮಾತ್ರ ಸರಿಯಾಗಿತ್ತಾ ಅಮ್ಮ ಎಂದು ಕೇಳಿದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದರು ಅತ್ತೆ. ಹೆಂಡತಿ ಒಳಗೆ ಹೋಗಿ ಲೋಟಗಳನ್ನು ಎಣಿಸಿದ ಸದ್ದು ಕೇಳಿಸಿತು.

ಎಲ್ಲರೂ ಎದ್ದು ಹೋದ ಮೇಲೆ ಗುಮಾಸ್ತ ಅತ್ತೆಯ ಕಾಲ ಬಳಿ ಕೂತ. ಈಗ ಕೇಳಲು ಅಂಜಿಕೆಯೇನೂ ಉಳಿದಿರಲಿಲ್ಲ.

"ಅತ್ತೆ, ತಾತ ಹೇಗಿದ್ರು?"

ಅತ್ತೆ ಕಣ್ಣು ಮುಚ್ಚಿದರು.

"ಮುಖ ಬರ್ತಿಲ್ಲ ಕಣೋ. ಅವರು ಡ್ಯೂಟಿ ಮುಗಿಸಿ ಬರೋ ಹೊತ್ತಿಗೆ ನಾನು ನಿದ್ದೇಲಿರ್ತಿದ್ದೆ. ಲಾಟೀನು ಹಿಡ್ಕೊಂಡು ಬಗ್ಗಿ ನನ್ನನ್ನ ನೋಡ್ತಿದ್ರು. ಎಚ್ಚರ ಆದ್ರೂ ಕಣ್ಣಿಗೆ ಬೆಳಕು ಹೊಡೆದು ಆ ಕೈ ಒಂದೇ ಕಾಣ್ತಿತ್ತು."

"ಕೈ ಹೇಗಿತ್ತು?"

"ಉದ್ದುದ್ದ ಬೆರಳು," ಎಂದರು ಅತ್ತೆ. "ತೋರಿಸು, ನಿನ್ನ ಕೈ ನೋಡೋಣ."

ಗುಮಾಸ್ತ ಎರಡೂ ಕೈಗಳನ್ನು ಮೆಲ್ಲಗೆ ಜೇಬಿಗೆ ಇಳಿಸಿಕೊಂಡ.