ದೇಶ ಸುತ್ತಿದ ಇಡ್ಲಿ ಹಿಟ್ಟು

ಯಾತ್ರೆ ಬಸ್ಸಲ್ಲಿ ಅಡಿಗೆಗೆ ಹೋಗೋರು ನಗೋಕೆ ವಿಷಯ ಹುಡುಕಬೇಕಾಗಿಲ್ಲ. ಅದು ತಾನಾಗೇ ತಟ್ಟೆ ಹಿಡ್ಕೊಂಡು ಸಾಲಲ್ಲಿ ಬಂದು ನಿಂತಿರ್ತದೆ.

ನಮ್ಮದು ಪಾಲಮಲೆ ಬುಡದ ಊರು. ಚಿಕ್ಕೋಳಿದ್ದಾಗ ಆ ಮಲೆ ಆಚೆ ಏನೂ ಇಲ್ಲ, ಲೋಕ ಅಲ್ಲಿಗೇ ಮುಗೀತು ಅಂತ ನಂಬಿದ್ದೋಳು ನಾನು. ಈಗ ವರುಷಕ್ಕೊಂದು ತಡವೆ ಮೇಟ್ಟೂರಿಂದ ಹೊರಡೋ ಬಸ್ಸಲ್ಲಿ ಅಡಿಗೆ ಮಾಡ್ಕೊಂಡು ಕಾಶಿ, ಹಿಮಾಲಯ ಅಂತ ಸುತ್ತಿ ಬರ್ತೀನಿ. ಸುತ್ತೋದು ಅಂದ್ರೂ ಅರ್ಧ ನಿದ್ದೇಲೇ. ಅವರೆಕಾಯಿ ಸುಲೀತಾ ಸುಲೀತಾ ತೂಕಡಿಸಿರ್ತೀನಿ. ಕಣ್ಣು ಬಿಟ್ರೆ ಕಿಟಕಿ ಆಚೆ ಮಣ್ಣಿನ ಬಣ್ಣ ಬೇರೆ, ಹೆಂಗಸರು ಸೆರಗು ಹೊದ್ದ ರೀತಿ ಬೇರೆ, ಎಮ್ಮೆ ಕೊಂಬು ಬೇರೆ. ಇದ್ಯಾವ ಊರು ಅಂತ ಕೇಳೋದ್ರೊಳಗೆ ಇನ್ನೊಂದು ಊರು ಬಂದಿರ್ತದೆ. ಅದಕ್ಕೇ ನಾನು ಯಾರನ್ನೂ ಕೇಳಲ್ಲ, ಸೀಟಿನ ಕೆಳಗಿರೋ ಇಡ್ಲಿ ಹಿಟ್ಟಿನ ಮುಚ್ಚಳ ತೆಗೆದು ನೋಡ್ತೀನಿ. ಉಕ್ಕಿದ್ರೆ ಬಿಸಿಲು ಸೀಮೆ, ಸುಮ್ಮನೆ ಮಲಗಿದ್ರೆ ಚಳಿ ಸೀಮೆ. ನಂಗೆ ಗೊತ್ತಿರೋ ಭೂಗೋಳ ಇಷ್ಟೇ.

ಈ ಭೂಗೋಳವೇ ಹೋದ ವರುಷ ನನ್ನ ಮಾನ ಕಳೀತು. ಹಿಮದ ಮಲೆ ಮೇಲೆ ಹಿಟ್ಟು ಏಳಲೇ ಇಲ್ಲ. ಇಡ್ಲಿ ಕಲ್ಲಾಯ್ತು. ಒಬ್ಬರು ಹಿರಿಯರ ಕಟ್ಟಿಸಿದ ಹಲ್ಲು ಅದರಲ್ಲೇ ನಾಟ್ಕೊಂಡು ನಿಂತುಬಿಡ್ತು. ಬಸ್ ಗೊತ್ತು ಮಾಡಿ ಜನ ಕರ್ಕೊಂಡು ಹೋಗೋ ಯಾತ್ರೆ ಅಣ್ಣ ಈ ವರುಷ ಹೊರಡೋ ಮುಂಚೇನೇ ಹೇಳಿಬಿಟ್ಟರು. "ಅಕ್ಕಾ, ಎಲ್ಲಿ ಹೋದ್ರೂ ಇಡ್ಲಿ ಅಂತ ಜನಕ್ಕೆ ಮಾತು ಕೊಟ್ಟಿದೀನಿ. ಈ ತಡವೆಯೂ ಮಲೆ ಮೇಲೆ ಕಲ್ಲು ಬಡಿಸಿದ್ರೆ, ಬರೋ ವರುಷ ಬೇರೆಯವರ್ನ ನೋಡ್ಕೊಳ್ತೀನಿ."

ಅಡಿಗೆ ಕೆಲಸ ಎಲ್ಲಿ ಬೇಕಾದ್ರೂ ಸಿಕ್ತದೆ, ಮದುವೆ ಮನೆಗೇನು ಬರವೇ? ಆದ್ರೆ ದೇಶ ಎಲ್ಲಿ ಸಿಕ್ತದೆ? ಈ ಬಸ್ ತಪ್ಪಿದ್ರೆ ನನ್ನ ಲೋಕ ಮತ್ತೆ ಪಾಲಮಲೆ ಹತ್ರಕ್ಕೇ ಬಂದು ನಿಂತ್ಕೊಳ್ತದೆ.

ಮರಳು ಸೀಮೆಯ ಗಂಗಮ್ಮ

ಮೊದಲು ಮರಳು ಸೀಮೆ. ಎಂಥಾ ಬಿಸಿಲು ಅಂತೀರಿ! ಬಸ್ಸಿನೊಳಗೆ ಎಲ್ಲರೂ ಬಾಯಿ ಬಿಟ್ಕೊಂಡು ನಿದ್ದೆ. ಹೊರಗೆ ಒಂಟೆಗಳು ಗಾಳೀಲಿ ತೇಲ್ತಾ ಇದ್ದಂಗೆ ಕಾಣ್ತಿದ್ವು. ನೋಡ್ತಾ ನೋಡ್ತಾ ನಾನೂ ತೇಲಿಹೋದೆ.

ಆಗ ಹಿಟ್ಟು ಎದ್ದಿದೆ. ಸುಮ್ಮನೆ ಎದ್ದಿದ್ರೆ ಸರಿ, ಮುಚ್ಚಳ ತಳ್ಳಿ ಇಳಿದು, ಬಸ್ಸಿನ ನಡುದಾರೀಲಿ ಮೆಲ್ಲಗೆ ಹೊರಟುಬಿಟ್ಟಿದೆ. ಹಿಂದಿನ ಸೀಟಲ್ಲಿ ಸೇಲಂ ನೇಕಾರರ ಮನೆ ಅಜ್ಜಿ ಮಲಗಿತ್ತು. ಆ ಅಜ್ಜಿಗೆ ನಿದ್ದೇಲೂ ಕಾಲು ಮಗ್ಗ ತುಳಿಯೋ ಅಭ್ಯಾಸ. ಹಿಟ್ಟು ಹೋಗಿ ಪಾದ ಮುಟ್ಟಿತು. ಅಜ್ಜಿ ಕಣ್ಣು ಮುಚ್ಕೊಂಡೇ ಪಚಕ್ ಪಚಕ್ ಅಂತ ತುಳೀತು, ಕೈ ಇಳಿಬಿಟ್ಟು ಒಂದು ಬೊಗಸೆ ಎತ್ತಿ ತಲೆ ಮೇಲೆ ಹಾಕ್ಕೊಂಡು ಕೂಗ್ತು. "ಎದ್ದೇಳ್ರಲಾ! ಗಂಗಮ್ಮ ಬಂದವ್ಳೆ!"

ಎಲ್ಲಾ ಗಡಬಡಿಸಿ ಎದ್ದರು. ಕೈ ಮುಗಿದೋರೂ ಉಂಟು. ನಾನು ಹೋಗಿ ಅಜ್ಜಿ ಮುಖ ಒರೆಸಿ, "ಅಜ್ಜೀ, ಇದು ನಾಳೆ ಇಡ್ಲಿ" ಅಂದೆ.

ಅಜ್ಜಿ ತುಟಿ ಮೇಲಿನದನ್ನ ಚಪ್ಪರಿಸಿ ನೋಡ್ತು. "ಅದೇ ಅಂದ್ಕೊಂಡೆ. ಗಂಗಮ್ಮ ಇಷ್ಟು ಗಟ್ಟಿ ಅಂತ ನಂಗ್ಯಾರೂ ಹೇಳ್ಲೇ ಇಲ್ವಲ್ಲಾ ಅಂತ."

ಎಲ್ಲಾ ಹರೂರೇ

ಹರೂರಿನ ತಾತ ಒಬ್ಬರು ಕಿಟಕಿ ಪಕ್ಕ. ಬೇಸಾಯಗಾರರು, ಊರು ಬಿಟ್ಟು ಹೊರಟಿದ್ದು ಇದೇ ಮೊದಲು. ಏನು ತೋರಿಸಿದ್ರೂ ಅವರದು ಒಂದೇ ಮಾತು, "ನಮ್ಮ ಅರೂರು ತರಾನೇ ಐತೆ."

ಗಂಗೆ ಬಯಲಲ್ಲಿ ಕಣ್ಣು ಹೋದಷ್ಟು ದೂರ ಸಾಸಿವೆ ಹೂ ಬಿಟ್ಟಿತ್ತು. ಹಳದಿ ಬೆಳಕು ಬಸ್ಸಿನೊಳಗೂ ಬಂದು, ಎಲ್ಲರ ಮುಖಾನೂ ಅರಿಸಿನ ಹಚ್ಚಿದಂಗೆ ಕಾಣ್ತಿತ್ತು. ತಾತ ನೋಡಿದ್ರು. "ಅರೂರಲ್ಲೂ ಇಂಗೇ. ಹೂ ಒಂದಿಲ್ಲ, ಅಷ್ಟೇ." ಕಾಶೀಲಿ ಹೊಳೆ ಮೇಲೆ ದೀಪ ತೇಲ್ತಿದ್ವು. "ನಮ್ಮೂರ್ ಕೆರೆ ತುಂಬಿದ್ರೆ ಇದ್ಕಿಂತ ಜಾಸ್ತಿ." ಡ್ರೈವರ್ ತಂಬಿಗೆ ಸಿಟ್ಟು ಬಂದು, "ತಾತಾ, ಪೇಸಾಮೆ, ಸುಮ್ಮನೆ ಅಲ್ಲೇ ಇದ್ದಿರಬಹುದಿತ್ತಲ್ಲಾ!" ಅಂದ.

ಅವರ ಕತೆ ಇಲ್ಲೇ ಮುಗಿಸಿಬಿಡ್ತೀನಿ. ಯಾತ್ರೆ ಎಲ್ಲಾ ಆಗಿ ಬಸ್ ತಿರುವಣ್ಣಾಮಲೆ ದಾರೀಲಿ ವಾಪಸ್ ಬಂದು ಹರೂರಲ್ಲಿ ನಿಂತಾಗ ತಾತ ಒಳ್ಳೇ ನಿದ್ದೇಲಿದ್ರು. ನಾನು ಎಬ್ಬಿಸಿದೆ. ಕಣ್ಣುಜ್ಜಿಕೊಂಡು ಬೇವಿನ ಮರ, ಟೀ ಅಂಗಡಿ, ಮರದ ಕೆಳಗೆ ಮಲಗಿದ್ದ ನಾಯಿ ಎಲ್ಲಾ ನೋಡಿ, "ಇದ್ಯಾವ್ ಊರಮ್ಮಾ? ಏನ್ ಚೆನ್ನಾಗೈತೆ! ಇಂಥಾದ್ದು ನಮ್ ಕಡೆ ಇಲ್ಲ ಬುಡು" ಅಂದ್ರು.

ಚಳಿ ಸೀಮೆಯ ಕೂಸು

ಈಗ ಕಾಶಿ ಆದ ಮೇಲಿನ ಹಿಮದ ಮಲೆಗೆ ಬರ್ತೀನಿ. ಹಿಂದಿನ ದಿನ ಆ ಮಲೆ ಬುಡದ ಊರಲ್ಲೇ ರುಬ್ಬಿಟ್ಟಿದ್ದೆ. ಬೆಳಗ್ಗೆ ಮುಚ್ಚಳ ತೆಗೆದ್ರೆ ಹಿಟ್ಟು ಹಾಕಿದಂಗೇ ಇದೆ, ಒಂದು ಗುಳ್ಳೆ ಇಲ್ಲ. ಮುಟ್ಟಿದ್ರೆ ಕೈ ಕೊರೀತದೆ. ನಾನು ಪಾತ್ರೆ ಮುಂದೆ ಕೂತು ಅತ್ತೇಬಿಟ್ಟೆ.

ಸೇಲಂ ಅಜ್ಜಿ ಬಂದು ಗದರಿಸ್ತು. "ಥೂ, ಅಳ್ತೀಯಾ? ಕೂಸಿಗೆ ಚಳಿಯಾದ್ರೆ ಏನ್ ಮಾಡ್ತೀಯೋ ಅದು ಮಾಡಲೇ."

ಸರಿ, ಹಿಟ್ಟನ್ನ ಕೊಡದಷ್ಟು ಎತ್ತರದ, ಹಿಡಿ ಇರೋ ತೂಕು ಪಾತ್ರೇಲಿ ಹಾಕಿದೆ. ಅಜ್ಜಿ ಅದಕ್ಕೆ ತನ್ನ ಸ್ವೆಟ್ಟರ್ ತೊಡಿಸ್ತು, ಹರೂರು ತಾತ ಕುಲಾವಿ ಕೊಟ್ಟರು, ನಾನು ಮೇಲೊಂದು ಶಾಲು ಸುತ್ತಿದೆ. ಅಜ್ಜಿ ಅದನ್ನ ತೊಡೆ ಮೇಲೆ ಮಲಗಿಸ್ಕೊಂಡು ಡ್ರೈವರ್ ಪಕ್ಕ, ಇಂಜಿನ್ ಬಿಸಿ ತಗಲೋ ಕಡೆ ಕೂತ್ಕೊಳ್ತು. ಬಸ್ ಮಲೆ ಹತ್ತಿತು. ಕೆಳಗೆ ಮೋಡ, ಮೇಲೆ ಮೋಡ, ನಡುವೆ ನಾವು. ಯಾರೂ ಜೋರಾಗಿ ಮಾತಾಡ್ತಿಲ್ಲ. ಡ್ರೈವರ್ ತಂಬಿ ಬ್ರೇಕ್ ಕೂಡ ಮೆಲ್ಲಗೆ ತುಳೀತಿದ್ದ. ತಾತ ಆಗಾಗ ಬಗ್ಗಿ, "ಎದ್ದೈತಾ?" ಅಂತಿದ್ರು. ಅಜ್ಜಿ ತಟ್ತಾ ತಟ್ತಾ, "ಇಲ್ಲ, ಇನ್ನೂ ಮಲಗೈತೆ" ಅಂತಿತ್ತು.

ಮಲೆ ಮೇಲಿನ ಚೆಕ್‌ಪೋಸ್ಟಲ್ಲಿ ಒಬ್ಬ ಪೊಲೀಸಪ್ಪ ಹತ್ತಿದ. ಎಳೇ ವಯಸ್ಸು, ಕೆಂಪು ಕೆನ್ನೆ. ಅಜ್ಜಿ ತೊಡೆ ಮೇಲಿನದನ್ನ ನೋಡಿ ನಿಂತ. ಕೈ ತೊಟ್ಟಿಲ ಮಾಡಿ ತೂಗಿ, ಮಗುವಾ ಅಂತ ಸನ್ನೆಯಲ್ಲೇ ಕೇಳಿದ. ಅಜ್ಜಿ ಹೌದು ಅಂತ ತಲೆ ಆಡಿಸ್ತು. ಅವನು ಪ್ರೀತಿಯಿಂದ ಬಗ್ಗಿ ಕಿವಿ ಇಟ್ಟ. ಒಳಗಿಂದ ಗುಳ್ ಗುಳ್, ಪುಸ್ ಅಂತು.

ಅವನ ಮುಖ ಬಿಳಿಚಿಕೊಳ್ತು. ಎದೆ ಕಟ್ಟಿದೆ, ಮಗು ಉಳಿಯಲ್ಲ, ಬಸ್ಸನ್ನ ಈಗಲೇ ಕೆಳಗಿನ ಆಸ್ಪತ್ರೆಗೆ ತಿರುಗಿಸಿ ಅಂತ ಅವನು ಕೂಗಾಡಿದ್ದನ್ನ ಡ್ರೈವರ್ ತಂಬಿ ನಮಗೆ ಬಿಡಿಸಿ ಹೇಳಿದ. ಯಾತ್ರೆ ಅಣ್ಣ ಕೈ ಮುಗಿದು ನಿಂತ್ರು. ಬಸ್ ಕೆಳಗಿಳಿದ್ರೆ ಮಲೆ ಪೋಚ್ಚು, ಇಡ್ಲಿ ಪೋಚ್ಚು, ನನ್ನ ದೇಶವೂ ಹೋಯ್ತು.

ಹಿಂದಿ ಬರೋನು ಡ್ರೈವರ್ ತಂಬಿ ಒಬ್ಬನೇ. ಬಲು ವಿನಯವಾಗಿ ಏನೋ ಹೇಳಿದ. ಪೊಲೀಸಪ್ಪ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಸೀಟಿಗೆ ಬಡ್ಕೊಂಡು, ವಿಶಲ್ ಬಾಯಿಗಿಟ್ಟು ಊದೋಕೆ ಶುರು ಮಾಡಿದ.

"ಏನ್ ಹೇಳಿದ್ಯೋ?" ಅಂದೆ.

"ಇರೋದ್ನೇ ಹೇಳ್ದೆ ಅಕ್ಕಾ! ಕವಲೆ ಬೇಡ, ಚಿಂತೆ ಬೇಡ ಸಾರ್, ಮೇಲೆ ಹೋದ ತಕ್ಷಣ ಇದನ್ನ ಎಲ್ಲರೂ ಬೇಯಿಸ್ಕೊಂಡು ತಿಂತೀವಿ ಅಂದೆ."

ನಾನು ಓಡಿ ಹೋಗಿ ಶಾಲು ಬಿಚ್ಚಿದೆ. ಕುಲಾವಿ ತೆಗೆಯೋ ಕೆಲಸವೇ ಇರಲಿಲ್ಲ. ಹಿಟ್ಟು ಅದನ್ನ ತಲೆ ಮೇಲೆ ಹೊತ್ಕೊಂಡು, ಬೆಳ್ಳಗೆ, ಗುಂಡಗೆ ಎದ್ದು ನಿಂತಿತ್ತು. "ಎದ್ದೈತೆ! ಎದ್ದೈತೆ!" ಅಂತ ಕುಣಿದುಬಿಟ್ಟೆ. ಪೊಲೀಸು ಗಿಲೀಸು ಏನೂ ನೆನಪಿಲ್ಲ. ಬಸ್ಸೆಲ್ಲಾ ಚಪ್ಪಾಳೆ.

ಒಲೆ ಅಲ್ಲೇ ಇಳಿಸಿದ್ವಿ. ಹಿಮ ನೋಡ್ತಾ ನೋಡ್ತಾ ಇಡ್ಲಿ ಬೇಯ್ಸಿದೆ, ಮಲ್ಲಿಗೆ ಹೂವಂಗೆ ಬಂತು. ಪೊಲೀಸಪ್ಪ ಮೊದಲು ದೂರ ನಿಂತಿದ್ದ. ಆಮೇಲೆ ಒಂದು ತಿಂದ. ಆಮೇಲೆ ನಾವು ಎಣಿಸೋದು ಬಿಟ್ವಿ. ಯಾತ್ರೆ ಅಣ್ಣ ಕೈ ತೊಳ್ಕೊಂಡು ನನ್ನ ಹತ್ರ ಬಂದ್ರು.

"ಅಕ್ಕಾ, ಬರೋ ವರುಷ ಬರುವಾಗ ಇನ್ನೊಂದು ಸೈಜ್ ದೊಡ್ಡ ಸ್ವೆಟ್ಟರ್ ತಗೊಂಡು ಬನ್ನಿ" ಅಂದ್ರು.

ದರುಶನ ಮುಗಿಸಿ ಇಳೀತಾ ಬಂದಾಗ ಅದೇ ಚೆಕ್‌ಪೋಸ್ಟಲ್ಲಿ ಅದೇ ಪೊಲೀಸಪ್ಪ ಬಸ್ ನಿಲ್ಲಿಸಿ ಹತ್ತಿದ. ಸೇಲಂ ಅಜ್ಜಿಯ ಖಾಲಿ ತೊಡೆ ನೋಡಿ, ನಗ್ತಾ ಮತ್ತೆ ಕೈ ತೊಟ್ಟಿಲ ಮಾಡಿ ತೂಗಿದ, ಮಗು ಎಲ್ಲಿ ಅಂತ.

ಅಜ್ಜಿ ಎದ್ದು ನಿಂತು, ಕೈ ಚಾಚಿ, ಅವನ ಹೊಟ್ಟೆ ಮೇಲೆ ಮೆಲ್ಲಗೆ ತಟ್ಟಿ ಹೇಳ್ತು. "ಶ್... ಮಲಗೈತೆ."