ಚಲುವರಾಜು ಕಟ್ಟಿದ ಪಾರ್ಸೆಲ್ ಕೋಟೆ

ಸಾರಕ್ಕಿಯಲ್ಲಿ ಇಪ್ಪತ್ತಾರು ವರ್ಷದಿಂದ ಗೇಟು, ಗ್ರಿಲ್ಲು, ಶಟರು ಮಾಡಿಕೊಂಡು ಬಂದಿರುವ ಚಲುವರಾಜು ಆ ಭಾನುವಾರ ತನ್ನ ಮನೆಯ ಮುಂದೆ ನಿಂತು, ಮೀಸೆ ತಿರುವಿ, ಬೀದಿಗೆಲ್ಲ ಕೇಳುವಂತೆ ಪ್ರತಿಜ್ಞೆ ಮಾಡಿದ.

"ಇನ್ಮೇಲೆ ಈ ಮನೆ ಪಾರ್ಸೆಲ್ ಕದಿಯೋನು ಹೊಸದಾಗಿ ಹುಟ್ಟಿ ಬರಬೇಕು."

ಸಿಟ್ಟಿಗೆ ಕಾರಣವಿತ್ತು. ಒಂದೇ ತಿಂಗಳಲ್ಲಿ ಹೆಂಡತಿ ವಾರಿಜಾ ತರಿಸಿದ ಮಿಕ್ಸಿ ಜಾರು ಗೇಟಿನ ಬುಡದಿಂದಲೇ ಮಾಯವಾಗಿತ್ತು. ಅಮ್ಮ ಅಕ್ಕಯಮ್ಮನ ಮಂಡಿಗೆ ತರಿಸಿದ ಪಟ್ಟಿಯನ್ನು ಡೆಲಿವರಿಯವನು ಕಾಂಪೌಂಡಿನ ಮೇಲಿಂದ ಎಸೆದಿದ್ದ. ಅದು ಬಟ್ಟೆ ನೆನೆಸಿದ ಬಕೆಟ್ಟಿಗೆ ಬಿದ್ದು ಎರಡು ದಿನ ಸೋಪಿನ ನೀರು ಕುಡಿದಿತ್ತು. ಸಾಲದ್ದಕ್ಕೆ ವಾರಿಜಾಳ ತಮ್ಮ ರಘು ಜಯನಗರದಿಂದ ಬಂದು ಮೊಬೈಲು ಚಾಚಿದ.

"ಭಾವ, ಪಾರ್ಸೆಲ್ ಡಬ್ಬ ರೆಡಿಮೇಡೇ ಸಿಗುತ್ತೆ. ಆರ್ಡರ್ ಮಾಡ್ಲಾ?"

"ಅರ್ಧ ಜೆಪಿ ನಗರಕ್ಕೆ ಗೇಟ್ ಹಾಕ್ದೋನು ನಾನು. ನನಗೆ ಡಬ್ಬ ಕೊಂಡ್ಕೊ ಅಂತೀಯಾ? ನೀನು ಆರ್ಡರ್ ಮಾಡಿದ ಡಬ್ಬನೂ ಗೇಟಿಂದಾನೇ ಕದ್ಕೊಂಡ್ ಹೋಗ್ತಾರೆ, ಹೋಗು."

"ಏನಾದ್ರೂ ಮಾಡ್ಕೊಳ್ಳಿ, ಶುಕ್ರವಾರಕ್ಕೆ ಮುಗಿಸಿ," ಎಂದಳು ವಾರಿಜಾ. "ರಮ್ಯನ ಸೀರೆ ಅವತ್ತೇ ಬರೋದು."

ರಮ್ಯ ಇವರ ಒಬ್ಬಳೇ ಮಗಳು. ಅರೆಕೆರೆಯ ಗಂಡನ ಮನೆಯಲ್ಲಿ ಶುಕ್ರವಾರ ಹನ್ನೆರಡಕ್ಕೆ ಅವಳ ಸೀಮಂತ. ತವರಿನ ಹಸಿರು ರೇಷ್ಮೆ ಸೀರೆ ಉಡದೆ ಅವಳು ಹಸೆಗೆ ಕೂರುವಂತಿರಲಿಲ್ಲ. ಗೊಟ್ಟಿಗೆರೆಯ ಟೈಲರಮ್ಮ ಕುಚ್ಚು ಕಟ್ಟಿ, ಬ್ಲೌಸು ಹೊಲಿದು, ಅವತ್ತು ಬೆಳಿಗ್ಗೆಯೇ ಬೈಕಿನಲ್ಲಿ ಕಳಿಸುವವಳಿದ್ದಳು. ಬೀಗರು ಗಂಗಾಧರಯ್ಯನವರೋ, ಶಾಸ್ತ್ರದಲ್ಲಿ ಒಂದು ಎಳ್ಳು ಕಮ್ಮಿಯಾದರೂ ವರ್ಷಗಟ್ಟಲೆ ನೆನಪಿಟ್ಟುಕೊಳ್ಳುವ ಮನುಷ್ಯ.

ನಾಲ್ಕು ದಿನ ಚಲುವರಾಜು ಅಂಗಡಿಯ ಗಿರಾಕಿಗಳನ್ನೆಲ್ಲ ಅಟ್ಟಿದ. ಕಿಡಿ ಹಾರಿತು, ಬೈಗುಳ ಅದಕ್ಕಿಂತ ದೂರ ಹಾರಿತು. ಗುರುವಾರ ಸಂಜೆ ಹುಟ್ಟಿದ್ದು ಡಬ್ಬವಲ್ಲ, ಕೋಟೆ! ಶಟರಿಗೆ ಹಾಕುವ ದಪ್ಪ ತಗಡು. ಮೇಲೆ ಪಾರ್ಸೆಲ್ ಹಾಕಲು ಬಾಯಿ, ಬಾಯೊಳಗೆ ಓರೆಯಾಗಿ ಒಂದು ತಗಡು; ಹಾಕಿದ್ದು ಜಾರಿ ಒಳಗೆ ಬೀಳುತ್ತದೆ, ಕೈ ತೂರಿಸಿದವನಿಗೆ ಮೊಣಕೈ ತರಚುವುದಷ್ಟೇ ಲಾಭ. ಮುಂದಿನ ಬಾಗಿಲಿಗೆ, ನೂಕಿದರೆ ತಾನಾಗಿ ಬಿದ್ದುಕೊಳ್ಳುವ ಒಳಬೀಗ. ಇಡೀ ಡಬ್ಬವನ್ನು ಗೇಟಿಗೇ ಸೇರಿಸಿ ವೆಲ್ಡಿಂಗ್. ಬೀಗದ ಜೊತೆ ಎರಡು ಕೀ ಬಂದಿದ್ದವು.

"ಒಂದು ನನ್ನ ಹತ್ರ ಇರ್ಲಿ," ಎಂದಳು ವಾರಿಜಾ.

"ಎರಡು ಕಡೆ ಕೀ ಇದ್ರೆ ಅದಕ್ಕೆ ಭದ್ರತೆ ಅಂತಾರಾ?" ಎಂದು ಅವನು ಎರಡನ್ನೂ ಒಂದೇ ರಿಂಗಿಗೆ ಪೋಣಿಸಿದ.

ಶುಕ್ರವಾರ ಬೆಳಿಗ್ಗೆ ಡಬ್ಬಕ್ಕೆ ಪೂಜೆ. ಅರಿಶಿನ, ಕುಂಕುಮ, ಮೂರು ಮೊಳ ಸೇವಂತಿಗೆ. ಅಕ್ಕಯಮ್ಮ ವೀಳ್ಯದೆಲೆಯ ಮೇಲೆ ಕೀ ಗೊಂಚಲು ಇಟ್ಟು ಡಬ್ಬದೊಳಗೆ ಸರಿಸಿದಳು. "ಬೀರು ತಂದಾಗ್ಲೂ ಹಿಂಗೇ ಕಣೋ ಮಾಡಿದ್ದು. ಕೀ ಒಳಗಿದ್ದೇ ಪೂಜೆ ಆಗ್ಬೇಕು."

ಪೂಜೆ ಆಯಿತು. ಚಲುವರಾಜು ಕಾಯಿ ಒಡೆದು, ಕರ್ಪೂರ ಬೆಳಗಿ, ಕಣ್ಣಿಗೆ ಒತ್ತಿಕೊಂಡು, ಮಹಾರಾಜನ ಗತ್ತಿನಲ್ಲಿ ಬಾಗಿಲು ನೂಕಿದ. ಠಕ್. ಆ ಸದ್ದು ಅವನ ಕಿವಿಗೆ ನಾದಸ್ವರದಂತೆ ಕೇಳಿಸಿತು.

ಒಂಬತ್ತೂವರೆಗೆ ಬೈಕಿನ ಹುಡುಗ ಸೀರೆ ತಂದ. ವಾರಿಜಾ ಕೈ ಚಾಚಿ ಇನ್ನೇನು ತೆಗೆದುಕೊಳ್ಳಬೇಕು, ಚಲುವರಾಜು ಅಡ್ಡ ಬಂದ.

"ಕೈಗೆ ಕೊಡ್ಬೇಡಪ್ಪ, ಡಬ್ಬಕ್ಕೆ ಹಾಕು."

"ಮೇಡಂ ಇಲ್ಲೇ ಇದಾರಲ್ಲ ಸಾರ್."

"ಇದ್ರೆ ಇರ್ಲಿ. ಮೊದಲನೇ ಪಾರ್ಸೆಲ್ಲು, ಹಾಕಯ್ಯ."

ಸೀರೆ ಸರಾಗವಾಗಿ ಜಾರಿ ಒಳಗೆ ಬಿತ್ತು. ಚಲುವರಾಜು ಬೀದಿಯತ್ತ ತಿರುಗಿ, ಗೆದ್ದ ಪೈಲ್ವಾನನಂತೆ ಪಂಚೆ ಎತ್ತಿ ಕಟ್ಟಿದ.

"ಸರಿ, ತೆಗೀರಿ," ಎಂದಳು ವಾರಿಜಾ.

ಜೇಬು ತಡಕಿದ. ದೇವರ ಮನೆ ನೋಡಿದ. ಆಮೇಲೆ ಅಮ್ಮನ ಮುಖ ನೋಡಿದ.

"ನನ್ನನ್ಯಾಕೆ ಗುರಾಯಿಸ್ತೀಯ? ಇಟ್ಟೋಳು ನಾನು, ಬಾಗಿಲು ಹಾಕ್ದೋನು ನೀನು," ಎಂದಳು ಅಕ್ಕಯಮ್ಮ.

ರಘು ಸ್ಕ್ರೂಡ್ರೈವರ್ ತಂದ, ಅದು ಡೊಂಕಾಯಿತು. ಮಾರ್ಕೆಟ್ಟಿನಿಂದ ಬೀಗ ರಿಪೇರಿಯವನನ್ನು ಕರೆಸಿದರು. ಅವನು ಮುಕ್ಕಾಲು ಗಂಟೆ ಗುದ್ದಾಡಿ, ಎರಡು ತಂತಿ ಮುರಿದು, ಬೆವರು ಒರೆಸಿಕೊಂಡ. "ಇದನ್ನ ಮಾಡ್ದೋನು ಯಾವನೋ ತಲೆಕೆಟ್ಟೋನು ಸಾರ್. ನಾನು ಇಂಥದ್ದು ನೋಡೇ ಇಲ್ಲ."

"ನಾನೇ ಕಣಯ್ಯ," ಎಂದ ಚಲುವರಾಜು. ಎದೆ ಉಬ್ಬಿ ಶರ್ಟಿನ ಗುಂಡಿ ಬಿಗಿಯಾಯಿತು.

"ಹನ್ನೊಂದಾಗ್ತಾ ಬಂತು," ಎಂದಳು ವಾರಿಜಾ. "ಅಲ್ಲಿ ಮಗಳು ನೈಟಿಲಿ ಕೂತಿದಾಳೆ. ಇಲ್ಲಿ ನಿಮಗೆ ಹೊಗಳಿಕೆ ಬೇಕಾ?"

ಉಬ್ಬಿದ್ದ ಎದೆ ಇಳಿಯಿತು. ಗ್ಯಾಸ್ ಕಟರ್ ಹಿಡಿದರೆ ಬಾಗಿಲೇನೋ ಬರುತ್ತದೆ, ಸೀರೆ ಬೂದಿಯಾಗಿ ಬರುತ್ತದೆ. ಗ್ರೈಂಡರ್ ಹಿಡಿದರೂ ಅದೇ ಕಿಡಿ. ಇಪ್ಪತ್ತಾರು ವರ್ಷದ ವಿದ್ಯೆಯೆಲ್ಲ ಬೆಂಕಿಯ ವಿದ್ಯೆಯೇ ಎಂದು ಅವನಿಗೆ ಹೊಳೆದದ್ದು ಅವತ್ತೇ.

"ಗೇಟು ಬಿಚ್ಚಿ ತಲೆಕೆಳಗೆ ಮಾಡಿ," ಎಂದಳು ವಾರಿಜಾ, ಸೆರಗು ಸಿಕ್ಕಿಸುತ್ತಾ.

ಅಂಗಡಿಯ ಮೂವರು, ಬೀದಿಯ ನಾಲ್ವರು ಸೇರಿ ಗೇಟನ್ನು ಎತ್ತಿ, ನಡುಬೀದಿಯಲ್ಲಿ ಬುಡಮೇಲು ಮಾಡಿ ಕುಲುಕಿದರು. ಹಿಂದೆ ನಿಂತ ಆಟೋಗಳು ಹಾರನ್ ಬಾರಿಸಿದವು. ಕುಂಕುಮ ಉದುರಿತು, ಎಲೆ ಉದುರಿತು. ಕೀ ಗೊಂಚಲು ಓರೆ ತಗಡಿನ ಅಂಚಿಗೆ ಬಂದು ಕಿಣಿಕಿಣಿ ಎನ್ನುತ್ತಾ ಅಲ್ಲೇ ಕೂತಿತು. ವಾರಿಜಾ ಕಡ್ಡಿ ಪೊರಕೆಯಿಂದ ಎರಡು ಕಡ್ಡಿ ಕಿತ್ತು ತಂದು, ಬಾಯಿಗೆ ತೂರಿಸಿ, ರಿಂಗಿಗೆ ಸಿಕ್ಕಿಸಿ ನಾಜೂಕಾಗಿ ಎಳೆದಳು. ಕೀ ಹೊರಗೆ!

"ಎಲ್ಲಿ ಕಲಿತೆ ಇದನ್ನ?"

"ಚಿಕ್ಕವಳಿದ್ದಾಗ ನಮ್ಮಪ್ಪನ ಮಣ್ಣಿನ ಹುಂಡೀಲಿ. ಮಾತು ಆಮೇಲೆ, ಕಾರು ತೆಗೀರಿ."

ಇನ್ನು ಈ ಕೀಗಳು ಎಂದೂ ಕೈತಪ್ಪಬಾರದೆಂದು ಚಲುವರಾಜು ಎರಡನ್ನೂ ರಿಂಗಿನ ಸಮೇತ ಮನೆಯ ಕೀ ಗೊಂಚಲಿಗೇ ಸೇರಿಸಿದ. ಸೀರೆ ತೆಗೆದು, ಡಬ್ಬದ ಬಾಗಿಲು ನೂಕಿ, ಗೇಟು ಕೂರಿಸಿ ಹೊರಟವರು ಹನ್ನೆರಡಕ್ಕೆ ಎರಡು ನಿಮಿಷವಿರುವಾಗ ಅರೆಕೆರೆ ಮುಟ್ಟಿದರು. ಹಸಿರು ಸೀರೆಯುಟ್ಟ ರಮ್ಯ ಹಸೆಯ ಮೇಲೆ ಕೂತಳು. ಅಪ್ಪನನ್ನು ನೋಡಿ ನಕ್ಕಳು. ಅವನ ಕಣ್ಣು ಒದ್ದೆಯಾಯಿತು, ಧೂಪದ ಹೊಗೆ ಎಂದ.

ಅಷ್ಟರಲ್ಲಿ ರಘು ಕಥೆಯನ್ನೆಲ್ಲ ಊದಿಬಿಟ್ಟಿದ್ದ. ಗಂಗಾಧರಯ್ಯ ತಾವಾಗೇ ಹತ್ತಿರ ಬಂದರು. "ಬೀಗರೇ, ಬೀಗದೋನಿಗೂ ಬಗ್ಗಲಿಲ್ವಂತೆ? ನಮ್ಮನೆಗೂ ಅಂಥದ್ದೊಂದು ಬೇಕು."

ಶಾಸ್ತ್ರದಲ್ಲಿ ಎಳ್ಳು ಹುಡುಕುವ ಬೀಗರೇ ಬೇಡುತ್ತಿದ್ದಾರೆ! ಚಲುವರಾಜು ಉತ್ತರಿಸುವಷ್ಟರಲ್ಲಿ ಫೋನ್ ಬಂತು. ನಾಲ್ಕು ಜನ ಕೇಳಲೆಂದೇ ಸ್ಪೀಕರ್ ಹಾಕಿದ.

"ಸಾರ್, ಪಾರ್ಸೆಲ್ ಡಬ್ಬಕ್ಕೆ ಹಾಕ್ದೆ. ಸಖತ್ತಾಗಿದೆ ಡಬ್ಬ. ಆದ್ರೆ ನಿಮ್ಮನೆ ಬಾಗಿಲು ಹಾರೊಡೆದಿದೆ. ಕೀ ಗೊಂಚಲು ಅದರಲ್ಲೇ ನೇತಾಡ್ತಿದೆ."

ಹೊರಡುವ ಗಡಿಬಿಡಿಯಲ್ಲಿ ಬಾಗಿಲು ಹಾಕುವುದನ್ನೇ ಮರೆತಿದ್ದರು. ಬೀಗರ ಎದುರು ಚಲುವರಾಜು ಅಳುಕಲಿಲ್ಲ.

"ಬೀಗ ಹಾಕ್ಬಿಡಪ್ಪ, ಪುಣ್ಯ ಬರುತ್ತೆ."

"ಕೀ ಏನ್ ಮಾಡ್ಲಿ ಸಾರ್? ಡಬ್ಬಕ್ಕೆ ಹಾಕ್ಲಾ?"

"ಧೈರ್ಯವಾಗಿ ಹಾಕು. ಇಡೀ ಸಾರಕ್ಕಿಲಿ ಅದಕ್ಕಿಂತ ಭದ್ರವಾದ ಜಾಗ ಇಲ್ಲ."

ಫೋನಿನಲ್ಲಿ ಕಿಣಿಕಿಣಿ, ಆಮೇಲೆ ಢಣ್ ಎಂಬ ಸದ್ದು ಸ್ಪಷ್ಟವಾಗಿ ಕೇಳಿಸಿತು. ಗಂಗಾಧರಯ್ಯ ತಲೆದೂಗಿದರು. ಚಲುವರಾಜು ಹೆಂಡತಿಯ ಕಡೆ ಹೆಮ್ಮೆಯಿಂದ ತಿರುಗಿದ.

ವಾರಿಜಾ ಮೆಲ್ಲಗೆ ಕೇಳಿದಳು, "ರೀ, ಡಬ್ಬದ ಕೀ ಎಲ್ಲಿದೆ?"

ಚಲುವರಾಜುವಿನ ಕೈ ಜೇಬಿನ ಕಡೆ ಹೊರಟು, ಅರ್ಧ ದಾರಿಯಲ್ಲಿ ನಿಂತಿತು. ಆಮೇಲೆ ಅವನು ಅವಳ ಕಿವಿಯ ಹತ್ತಿರ ಬಗ್ಗಿ, ತನ್ನ ಜನ್ಮದಲ್ಲೇ ಆಡದಷ್ಟು ಮೆತ್ತಗಿನ ದನಿಯಲ್ಲಿ ಹೇಳಿದ:

"ಬೀಗಿತ್ತಿ ಹತ್ರ ಎರಡು ಪೊರಕೆ ಕಡ್ಡಿ ಕೇಳು. ಯಾಕೆ ಅಂತ ಮಾತ್ರ ಹೇಳ್ಬೇಡ."